ಮಂಗಟ್ಟೆಯ ಪಾಲಿನ ಹಣ್ಣು

ನನ್ನ ನಾಲಿಗೆಗೆ ಬೀಗವಿಲ್ಲ ಅಂತ ಅಮ್ಮ ಬೈಯದ ದಿನವಿಲ್ಲ. ಅಂಥವಳಿಗೆ ಸಿಕ್ಕಿದ್ದು ಬಾಗಿಲು ಕಾಯುವ ಕೆಲಸ!

ಮೃಗಾಲಯದ ದೊಡ್ಡ ಪಕ್ಷಿಮನೆ ನಮ್ಮದು. ಮೇಲೆಲ್ಲ ಬಲೆ, ಒಳಗೆ ಮರಗಳು, ನಡುವೆ ಜನ ನಡೆಯುವ ದಾರಿ. ಹಕ್ಕಿಗಳು ತಲೆಯ ಮೇಲೇ ಹಾರಾಡುತ್ತವೆ. ಒಳಗೆ ಬರಲು ಎರಡು ಬಾಗಿಲು. ಒಂದನ್ನು ಮುಚ್ಚದೆ ಇನ್ನೊಂದನ್ನು ತೆಗೆಯುವ ಹಾಗಿಲ್ಲ. ಅದನ್ನು ನೋಡಿಕೊಳ್ಳುವವಳು ನಾನು. ಕೆಲಸ ಇನ್ನೂ ಕಾಯಂ ಆಗಿಲ್ಲ.

ಕೆಲಸ ಕೊಡಿಸಿದವರು ದೊಡ್ಡಪ್ಪ. ಸ್ವಂತ ದೊಡ್ಡಪ್ಪ ಅಲ್ಲ, ಅಪ್ಪನ ಸ್ನೇಹಿತರು. ಈಗ ಮೃಗಾಲಯದಲ್ಲಿ ಎಲ್ಲರೂ ಅವರನ್ನು ಹಾಗೇ ಕರೆಯುತ್ತಾರೆ. ಹಕ್ಕಿಗಳಿಗೆ ಮೇವು ಹಾಕುವುದು ಅವರ ಕೆಲಸ. ಕಾಳು, ಹುಳು, ಹೆಚ್ಚಿದ ಹಣ್ಣು, ಎಲ್ಲವನ್ನೂ ಗಾಡಿಯಲ್ಲಿಟ್ಟು ಬಟ್ಟೆ ಹೊದಿಸಿ ತಳ್ಳಿಕೊಂಡು ಬರುತ್ತಾರೆ. ಗಾಡಿ ಹೊರಗೆ ಹೋಗುವ ಮುಂಚೆ ಬಟ್ಟೆ ಎತ್ತಿ ನೋಡಬೇಕು ಅನ್ನುವುದು ಅವರೇ ಮಾಡಿದ ನಿಯಮ. ಲಾವಕ್ಕಿಯಂಥ, ನೆಲದ ಮೇಲೆ ಓಡಾಡುವ ಪುಟ್ಟ ಹಕ್ಕಿಗಳಿಗೆ ಅದರಡಿ ನುಸುಳುವ ಚಾಳಿ.

ನಿನ್ನೆ ಬೆಳಿಗ್ಗೆ ಲಾವಕ್ಕಿ ಕಾಣಲಿಲ್ಲ. ಪೊದೆಪೊದೆ ತಡಕಿದರೂ ಇಲ್ಲ. ಮೇಲ್ವಿಚಾರಕಿ ಮೇಡಂ ನನ್ನ ಕಡೆ ತಿರುಗಿದರು. ನಾನು ಬಾಯಿ ತೆರೆಯುವ ಮುಂಚೆಯೇ ದೊಡ್ಡಪ್ಪ, "ಇವಳು ಮಾತಿಗೆ ಕೂತ್ರೆ ಮೈಮರೀತಾಳೆ ಮೇಡಂ. ನಿನ್ನೆ ಸ್ಕೂಲ್ ಮಕ್ಕಳು ಬಂದಾಗ ಬಾಗಿಲು ಬಿಟ್ಟಿರಬೇಕು" ಅಂದುಬಿಟ್ಟರು.

ಬೇರೆ ಯಾರಾದರೂ ಅಂದಿದ್ದರೆ ನುಂಗಿಕೊಳ್ಳುತ್ತಿದ್ದೆನೋ ಏನೋ. ಕೈಹಿಡಿದು ಕರೆತಂದವರೇ ಹಳ್ಳಕ್ಕೆ ತಳ್ಳುವುದಾ!

"ಸಂಜೆಯೊಳಗೆ ಹಕ್ಕಿ ಸಿಗಲಿಲ್ಲ ಅಂದ್ರೆ ನಾಳೆಯಿಂದ ನೀನು ಬರಬೇಡಮ್ಮ" ಅಂದರು ಮೇಡಂ.

ಮಧ್ಯಾಹ್ನ ಊಟದ ಡಬ್ಬಿ ತರಲು ಮೇವಿನ ಕೋಣೆಗೆ ಹೋದೆ. ಗಾಡಿಯೊಳಗಿಂದ ಏನೋ ಕೆದಕುವ ಸದ್ದು. ಬಟ್ಟೆ ಎತ್ತಿದೆ. ಕಾಳಿನ ತಟ್ಟೆಯಲ್ಲಿ ಹೊಟ್ಟೆ ಉಬ್ಬಿಸಿಕೊಂಡು ಕೂತಿತ್ತು ಲಾವಕ್ಕಿ, ಮಾವನ ಮನೆಗೆ ಬಂದ ಹೊಸ ಅಳಿಯನ ಹಾಗೆ.

ಮೆಲ್ಲಗೆ ಒಳಗೆ ಬಿಟ್ಟು ಮೇಡಂಗೆ ಹೇಳಬಹುದಿತ್ತು. ನನ್ನ ಕೆಲಸ ಅಷ್ಟಕ್ಕೇ ಉಳಿಯುತ್ತಿತ್ತು. ಆದರೆ ನನಗೆ ಕೆಲಸವಷ್ಟೇ ಸಾಕಾಗಿರಲಿಲ್ಲ. ಗಾಡಿಯನ್ನು ಗಡಗಡ ತಳ್ಳಿಕೊಂಡು ಪಕ್ಷಿಮನೆಯ ಮುಂದೆ, ಜನ ಸಾಲು ನಿಂತ ಕಡೆಯೇ ತಂದು ನಿಲ್ಲಿಸಿದೆ. ಮೇಡಂ ಅಲ್ಲೇ ಇದ್ದರು, ದೊಡ್ಡಪ್ಪನೂ ಇದ್ದರು.

"ನೋಡಿ ಮೇಡಂ, ಕಳ್ಳ ಯಾರು ಅಂತ! ದೊಡ್ಡಪ್ಪ, ಬಟ್ಟೆ ಎತ್ತಿ ನೋಡ್ಬೇಕು ಅಂತ ಊರಿಗೆಲ್ಲ ಉಪದೇಶ ಮಾಡ್ತೀರಲ್ಲ, ನೀವು ನೋಡಿದ್ರಾ?"

"ನೋಡಿದ್ದೆ ಮಗಾ" ಅಂದರು ಅವರು, ತುಂಬ ಮೆತ್ತಗೆ. "ಎತ್ತಿ ನೋಡಿದ್ದೆ."

"ಎತ್ತಿ ನೋಡಿದ್ರೆ ಕಾಣಲ್ವಾ? ಕಣ್ಣಿಗೇನು ಪೊರೆ ಬಂದಿದ್ಯಾ?"

ನಾನು ಅಲ್ಲಿಗೆ ನಿಲ್ಲಿಸಬೇಕಿತ್ತು. ಈ ಹಾಳು ನಾಲಿಗೆ ನಿಲ್ಲಬೇಕಲ್ಲ! "ಕಣ್ಣು ಸರಿಯಿದೆ ಅಂದ್ರೆ ಆ ಬೋರ್ಡ್ ಓದಿ, ಕೇಳೋಣ" ಅಂದೆ.

ಒಳಗೆ ಯಾವ ಯಾವ ಹಕ್ಕಿಗಳಿವೆ ಅಂತ ಬಾಗಿಲ ಪಕ್ಕ ಚಿತ್ರಸಮೇತ ಬರೆದಿರುವ ಬೋರ್ಡ್ ಅದು. ದೊಡ್ಡಪ್ಪ ಅದರ ಕಡೆ ತಿರುಗಿ ಗಂಟಲು ಸರಿಮಾಡಿಕೊಂಡರು. ಪಾಠ ಒಪ್ಪಿಸುವವರ ಹಾಗೆ ಕೈಕಟ್ಟಿ ನಿಂತು, "ಮಂಗಟ್ಟೆ, ಹಸಿರು ಪಾರಿವಾಳ, ಕೊಕ್ಕರೆ, ಲಾವಕ್ಕಿ, ಮೈನಾ" ಅಂದರು, ಒಂದು ಕಡೆಯೂ ತಡವರಿಸದೆ.

ಸಾಲಿನಲ್ಲಿದ್ದ ಯಾರೋ ಕಿಸಕ್ಕನೆ ನಕ್ಕರು. "ಮಂಗಟ್ಟೆ ಎಲ್ಲಿದೆ ಅಜ್ಜ? ನವಿಲು ಅಂತ ಇಷ್ಟು ದಪ್ಪಗೆ ಬರೆದಿದೆಯಲ್ಲ!"

ಅದು ಹೊಸ ಬೋರ್ಡ್. ದೊಡ್ಡ ಕೊಕ್ಕಿನ ಮಂಗಟ್ಟೆ ಹಕ್ಕಿಯನ್ನು ಬೇರೆ ಮೃಗಾಲಯಕ್ಕೆ ಕಳಿಸಿ ನವಿಲು ತಂದ ಮೇಲೆ ಹಾಕಿದ್ದು. ದೊಡ್ಡಪ್ಪ ಓದಿದ್ದು ಹಳೆಯದನ್ನು, ತಲೆಯೊಳಗಿದ್ದದ್ದನ್ನು.

ನಗು ಹಬ್ಬಿತು. ದೊಡ್ಡಪ್ಪನಿಗೆ ಯಾಕೆ ನಗುತ್ತಿದ್ದಾರೆಂದು ಗೊತ್ತಾಗಲಿಲ್ಲ. ಎಲ್ಲರ ಜೊತೆ ಅವರೂ ಸ್ವಲ್ಪ ನಕ್ಕರು. ಅಯ್ಯೋ, ಆ ನಗು! ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದಿತ್ತೇ ಅನ್ನಿಸಿತು. ನಾನು ಗೆದ್ದಿದ್ದೆ. ಮೇಡಂ ನನ್ನ ಮುಖ ನೋಡದೆ, "ನಿನ್ನ ಕೆಲಸಕ್ಕೇನೂ ತೊಂದರೆ ಇಲ್ಲ, ಹೋಗು" ಅಂದರು. ದೊಡ್ಡಪ್ಪನಿಗೆ, "ನಾಳೆಯಿಂದ ಮೇವು ಬೇರೆಯವರು ನೋಡ್ಕೊಳ್ತಾರೆ. ನೀವು ಮೊದಲು ಆಫೀಸಿಗೆ ಬನ್ನಿ" ಅಂದರು.

ಜನ ಚೆದುರಿದ ಮೇಲೆ ಅವರ ಹತ್ತಿರ ಹೋದೆ. ತಪ್ಪಾಯ್ತು ಅನ್ನಲು ಬಾಯೇ ಬರಲಿಲ್ಲ. ಊರಿಗೆಲ್ಲ ಕೇಳುವ ಬಾಯಿ, ಬೇಕಾದಾಗ ಬೀಗ ಹಾಕಿಕೊಂಡಿತು.

ಅವರೇ ಮಾತಾಡಿದರು. "ನಿನ್ನ ಮೇಲೆ ಹೇಳಬಾರದಿತ್ತು ಮಗಾ. ಗಾಡಿ ಬಗ್ಗೆ ಕೇಳಿಬಿಟ್ರೆ ಅಂತ ಹೆದರಿಕೆ ಆಯ್ತು." ಆಮೇಲೆ ಕೇಳಿದರು, "ಮಂಗಟ್ಟೆ ಯಾವಾಗ ಹೋಯ್ತು?"

"ನೀವು ರಜೆ ಹಾಕಿದ್ದಾಗ, ದೊಡ್ಡಪ್ಪ. ನಿಮಗೆ ಗೊತ್ತು ಅಂದ್ಕೊಂಡಿದ್ವಿ."

"ಮೇಲೆ ಕೊಂಬೆ ಮೇಲೆ ಕಪ್ಪಗೆ ಏನೋ ಕಾಣ್ತಿತ್ತು. ಅದೇ ಅಂದ್ಕೊಂಡೆ." ಅವರು ತಮ್ಮ ಅಂಗೈಯನ್ನು ಮುಖದ ಹತ್ತಿರ ತಂದು ನೋಡಿಕೊಂಡರು. "ಅದರ ಪಾಲಿನ ಪಪಾಯ ದಿನಾ ಇಡ್ತಿದ್ದೆ. ತಟ್ಟೆ ಖಾಲಿ ಆಗ್ತಿತ್ತು. ಯಾರು ತಿಂತಿದ್ರು?"

ಅವರು ದಿನಾ ಹಣ್ಣು ಹಿಡಿದು ನಿಂತು, ಮೇಲೆ ನೋಡಿ, ಬರಿಯ ಕೊಂಬೆಯನ್ನು ಮಾತಾಡಿಸುತ್ತಿದ್ದುದನ್ನು ನಾನು ಬಾಗಿಲಲ್ಲಿ ಕೂತು ನೋಡುತ್ತಲೇ ಇದ್ದೆ. ಮುದುಕರಿಗೆ ಅರಳುಮರಳು ಅಂತ ಒಳಗೊಳಗೇ ನಕ್ಕಿದ್ದೆ ಕೂಡ.

"ಮೈನಾಗಳು" ಅಂದೆ.

"ಹೋಗ್ಲಿ ಬಿಡು, ಯಾರದೋ ಹೊಟ್ಟೆ ತುಂಬ್ತಲ್ಲ" ಅಂದು ಅವರು ಆಫೀಸಿನ ಕಡೆ ಹೊರಟರು.

ಇವತ್ತು ಬೆಳಿಗ್ಗೆ ಮೇವಿನ ಗಾಡಿ ತಳ್ಳಿಕೊಂಡು ಬಂದವನು ಬೇರೆಯವನು. ಹಳೇ ಅಭ್ಯಾಸಕ್ಕೆ ಮೈನಾಗಳು ಮಂಗಟ್ಟೆಯ ಖಾಲಿ ತಟ್ಟೆಯ ಸುತ್ತ ಕೂತು ಒಂದೇ ಸಮ ಕೂಗುತ್ತಿದ್ದವು. ನಾನು ಬಾಗಿಲಲ್ಲೇ ಇದ್ದೆ, ತಲೆ ಎತ್ತಲಿಲ್ಲ.