ತಿರುಗುವಷ್ಟು ಜಾಗ

ಸಕಲರಿಗೂ ಈ ಮೂಲಕ ತಿಳಿಯಪಡಿಸುವುದೇನೆಂದರೆ, ನಿಂಬೆ ತೋಟದ ಕೆಲಸದ ಹೆಂಗಸರ ನೀರಿನ ಮಡಕೆಯು ಗೋಡೆಯ ಬುಡದಿಂದ ಹೊರಟು, ಗೇಟಿನಾಚೆಯ ಚರಂಡಿಯ ಪಕ್ಕಕ್ಕೆ ತನ್ನ ವಾಸ್ತವ್ಯವನ್ನು ಬದಲಾಯಿಸಿದೆ. ಸದರಿ ಮಡಕೆಯನ್ನು ಭೇಟಿಯಾಗಬಯಸುವವರು ಇಡೀ ಸಾಲು ನಡೆದು, ಗೇಟು ದಾಟಿ, ಮೇಸ್ತ್ರಿಯ ಕೆಂಗಣ್ಣನ್ನೂ ದಾಟಿ ಬರತಕ್ಕದ್ದು.

ಮಡಕೆ ತಾನಾಗಿ ಹೋದದ್ದಲ್ಲ. ಎತ್ತಿಸಿದವರು ಧಣಿ.

ತೋಟದ ಕೊನೆಯಲ್ಲಿ, ಗಿಡದ ಸಾಲು ಮುಗಿದು ಗೋಡೆ ಶುರುವಾಗುವ ನಡುವೆ ಒಂದು ಪಟ್ಟಿ ಖಾಲಿ ನೆಲವಿತ್ತು. ಮಧ್ಯಾಹ್ನ ಗೋಡೆಯ ನೆರಳು ಅಲ್ಲಿಗೆ ಬೀಳುತ್ತಿತ್ತು. ಕಳೆ ಕೀಳುವ ಹೆಂಗಸರು ಉಣ್ಣುತ್ತಿದ್ದದ್ದು ಅಲ್ಲಿ, ಕೈಗೂಸಿಗೆ ಹಾಲು ಕುಡಿಸುತ್ತಿದ್ದದ್ದು ಅಲ್ಲಿ, ಬಗ್ಗಿದ ಸೊಂಟವನ್ನು ನೆಟ್ಟಗೆ ಮಾಡಿ ಧಣಿಯನ್ನು ಬೈಯುತ್ತಿದ್ದದ್ದೂ ಅಲ್ಲೇ. ಧಣಿಗೆ ಖಾಲಿ ನೆಲ ಕಂಡರೆ ಆಗದು. ಕೂತ ಹೆಂಗಸು ಕಂಡರೆ ಇನ್ನೂ ಆಗದು. ಹೋದ ಮಳೆಗಾಲದಲ್ಲಿ ಎರಡನ್ನೂ ಒಂದೇ ಗುದ್ದಲಿಯಲ್ಲಿ ಬಗೆಹರಿಸಿದರು. ಗೋಡೆಗೆ ಬೆನ್ನು ತಾಗುವ ಹಾಗೆ ನಿಂಬೆ ಸಸಿ ನೆಡಿಸಿದರು. ಗುಂಡಿ ತೋಡಿದವರು ಅದೇ ಹೆಂಗಸರು. ತಾವು ಉಣ್ಣುವ ಜಾಗವನ್ನು ತಾವೇ ಅಗೆದು ಹಾಕುವ ಭಾಗ್ಯ ಎಲ್ಲರಿಗೂ ಒದಗುವುದಿಲ್ಲ.

ಅಂದಿನಿಂದ ಊಟ ಚರಂಡಿಯ ಪಕ್ಕ, ಬಿಸಿಲಲ್ಲಿ, ನಿಂತುಕೊಂಡೇ.

ಅವರಲ್ಲೊಬ್ಬಳಿಗೆ ತಕರಾರಕ್ಕ ಅಂತ ಹೆಸರು ಬಿದ್ದಿತ್ತು. ಇಟ್ಟವರು ಧಣಿಯೇ. ಅವಳು ಎಲ್ಲರನ್ನೂ ಕಟ್ಟಿಕೊಂಡು ಧಣಿಯ ಮನೆ ಬಾಗಿಲಿಗೆ ಹೋದಳು. ಮೇಸ್ತ್ರಿ ಅಡ್ಡ ನಿಂತ.

"ಮಾಲೀಕರು ಊಟದಲ್ಲಿದ್ದಾರೆ."

"ಎಷ್ಟೊತ್ತಾಗತ್ತೆ?"

"ಮಾಲೀಕರ ಊಟಕ್ಕೆ ಹೊತ್ತು ಗೊತ್ತು ಅಂತಿದೆಯೇನೇ? ನಿಂತ್ಕೋ."

ನಿಂತರು. ಒಳಗೆ ತಟ್ಟೆಯ ಸದ್ದು, ಆಮೇಲೆ ಗೊರಕೆಯ ಸದ್ದು. ಬಿಸಿಲು ಇಳಿದ ಮೇಲೆ ಧಣಿ ಹಲ್ಲಿಗೆ ಕಡ್ಡಿ ಹಾಕುತ್ತಾ ಬಂದರು.

"ನಿಮ್ಮ ಜಾಗ ಅಂತೀಯಲ್ಲ, ಎಲ್ಲಿ ಬರೆದಿದೆ ತೋರಿಸು."

"ಬರೆದಿಲ್ಲ ಧಣಿ. ಕೂತು ಕೂತು ಸವೆದಿದೆ."

"ಸವೆದದ್ದು ನನ್ನ ನೆಲ. ಅದಕ್ಕೆ ನಾನೇ ನಿಮ್ಮ ಹತ್ರ ದುಡ್ಡು ಕೇಳ್ಬೇಕು!" ಎಂದು ಧಣಿ ಒಳಗೆ ಹೋದರು.

ಇಂಥ ಧಣಿ ಒಂದು ಬೆಳಿಗ್ಗೆ ನಗುನಗುತ್ತಾ ತೋಟಕ್ಕೆ ಬಂದಾಗ ತಕರಾರಕ್ಕನ ಅತ್ತೆ ಕುಡುಗೋಲು ಕೆಳಗಿಟ್ಟು, "ಏನೋ ಕಾದಿದೆ ಕಣೇ, ಹಲ್ಲು ಕಾಣ್ತಿದೆ" ಎಂದಳು.

ಕಾದಿದ್ದದ್ದು ಟ್ರ್ಯಾಕ್ಟರ್. ಚಿಕ್ಕದು, ಗಿಡಗಳ ಸಾಲಿನೊಳಗೆ ಹೋಗುವಂಥದ್ದು. ಕೂಲಿ ಹೆಂಗಸರ ಗುಂಪು ಕೊಂಡರೆ ಸರ್ಕಾರ ಅರ್ಧ ಬೆಲೆ ತುಂಬಿಕೊಡುತ್ತದಂತೆ. ಉಳಿದರ್ಧ ಧಣಿಯದು.

"ನಿಮ್ಮನ್ನೆಲ್ಲ ಮಾಲೀಕರನ್ನಾಗಿ ಮಾಡ್ತೀನಿ!" ಎಂದರು ಧಣಿ. "ಹೆಸರು ನಿಮ್ಮದು."

"ಟ್ರ್ಯಾಕ್ಟರು?"

"ಅದು ನನ್ನ ಶೆಡ್‌ನಲ್ಲಿರತ್ತೆ. ನಿಮಗ್ಯಾಕೆ ಅದರ ಚಾಕರಿ?"

ಗುಂಪಿಗೆ ಅಧ್ಯಕ್ಷೆ ತಕರಾರಕ್ಕ. ಬಾಯಿ ಜೋರಿದ್ದವಳಿಗೆ ಪದವಿಯ ಬೀಗ ಹಾಕಿದರೆ ಸುಮ್ಮನಾಗುತ್ತಾಳೆ ಅಂತ ಧಣಿಯ ಲೆಕ್ಕಾಚಾರ. ಅಷ್ಟರಲ್ಲಿ ಮೇಸ್ತ್ರಿ ಗುಟ್ಟು ತಡೆಯಲಾರದೆ ಬಾಯಿಬಿಟ್ಟ. "ಬರಲಿ ಟ್ರ್ಯಾಕ್ಟರು. ಕಳೆ ತೆಗೆಯೋದು ಅದು, ಓಡಿಸೋದು ಧಣಿಯ ಅಳಿಯ. ನಿಮಗೆಲ್ಲ ರಜಾ. ಖಾಯಂ ರಜಾ!"

"ಸಹಿ ಹಾಕ್ಬೇಡ" ಎಂದಳು ಅತ್ತೆ.

"ಹಾಕದಿದ್ರೆ ನಾಳೇನೇ ಬೇರೆ ಗುಂಪು ಕರೀತಾನೆ ಅತ್ತೆ. ಹಾಕಿದ್ರೆ ಅದು ಬರೋ ತನಕ ಆದ್ರೂ ಒಲೆ ಉರಿಯತ್ತೆ. ಅಷ್ಟರಲ್ಲಿ ಏನಾದ್ರೂ ನೋಡೋಣ."

ಟ್ರ್ಯಾಕ್ಟರನ್ನು ಹೆಂಗಸರೇ ಆರಿಸಬೇಕು, ಆರಿಸುವ ಫೋಟೋ ಕಳಿಸಬೇಕು ಎಂದು ಸರ್ಕಾರದ ನಿಯಮ. ಹಾಗಾಗಿ ಧಣಿ, ಅಳಿಯ, ಅತ್ತೆ, ಸೊಸೆ ಒಂದೇ ಜೀಪಿನಲ್ಲಿ ಪೇಟೆಗೆ ಹೊರಟರು. ಧಣಿಗೆ ಬೆಲೆ ಮುಖ್ಯ. ಅಳಿಯನಿಗೆ ಬ್ರ್ಯಾಂಡ್ ಮುಖ್ಯ. ಹೆಂಗಸರಿಗೆ ಏನು ಮುಖ್ಯ ಎಂದು ಜೀಪಿನಲ್ಲಿ ಯಾರೂ ಕೇಳಲಿಲ್ಲ.

ಮೊದಲ ಅಂಗಡಿಯ ಟ್ರ್ಯಾಕ್ಟರ್ ಅಗ್ಗ. ಧಣಿಯ ಮುಖ ಅರಳಿತು. ಕಂಪನಿಯ ಹೆಸರು ಮಾರುವವನಿಗೇ ನೆನಪಿರಲಿಲ್ಲ, ಚೀಟಿ ನೋಡಿಕೊಂಡು ಹೇಳಿದ.

"ಕೆಟ್ಟರೆ ಯಾರು ಬರ್ತಾರೆ?" ತಕರಾರಕ್ಕ ಕೇಳಿದಳು.

"ಕೆಡೋದಿಲ್ಲ ಅಮ್ಮ."

"ಕೆಟ್ಟರೆ ಅಂದೆ."

"ಹಾಗೆಲ್ಲ ಅಪಶಕುನ ನುಡೀಬಾರ್ದು ಅಮ್ಮ."

ಅತ್ತೆ ಬಾನೆಟ್ಟನ್ನು ಬೆರಳಲ್ಲಿ ತಟ್ಟಿದಳು. ಖಾಲಿ ಡಬ್ಬದ ಸದ್ದು ಬಂತು. "ನಮ್ಮನೆ ಹಿಟ್ಟಿನ ಡಬ್ಬ ಹೀಗೇ ಕೂಗತ್ತೆ. ಅದನ್ನ ಕೊಳ್ಳೋಕೆ ಪೇಟೆಗೆ ಯಾಕೆ ಬರ್ಬೇಕಿತ್ತು?"

ಎರಡನೆಯದು ದೊಡ್ಡ ಬ್ರ್ಯಾಂಡು. ತಣ್ಣನೆಯ ಗಾಜಿನ ಕೋಣೆ. ಟ್ರ್ಯಾಕ್ಟರಿನ ಸುತ್ತ ಹಗ್ಗ ಕಟ್ಟಿದ್ದರು, ಮುಟ್ಟಿದರೆ ಮೈಲಿಗೆ ಎಂಬಂತೆ. ಅಳಿಯ ಹಗ್ಗದೀಚೆ ನಿಂತು ಸೆಲ್ಫಿ ತೆಗೆದುಕೊಂಡ. ಟೈ ಕಟ್ಟಿದವನು ಕುರ್ಚಿಯಿಂದ ಏಳದೆ ಹೇಳಿದ, "ನಮ್ಮ ಹೆಸರೇ ಗ್ಯಾರಂಟಿ. ಏನೇ ಆದ್ರೂ ಈ ನಂಬರಿಗೆ ಫೋನ್ ಮಾಡಿ."

ತಕರಾರಕ್ಕ ಅವನ ಮುಂದೆಯೇ ಫೋನ್ ಹಚ್ಚಿದಳು. ಫೋನು ಹಾಡಿತು. ನಿಮ್ಮ ಕರೆ ನಮಗೆ ಅಮೂಲ್ಯ ಎಂದಿತು. ಮತ್ತೆ ಹಾಡಿತು. ಅತ್ತೆ ತಣ್ಣನೆಯ ನೆಲದ ಮೇಲೆ ಕೂತು ಕಾಲು ಚಾಚಿ, "ಹಾಡು ಚೆನ್ನಾಗಿದೆ. ಆದ್ರೆ ಕೆಟ್ಟ ಗಾಡಿ ಮುಂದೆ ಕೂತು ಹಾಡು ಕೇಳೋಕೆ ಪುರುಸೊತ್ತು ಬೇಕಲ್ಲ" ಎಂದಳು. ಬೆಲೆ ಕೇಳಿದ ಧಣಿ ಆಗಲೇ ಹೊರಗೆ ಜೀಪಿನಲ್ಲಿ ಕೂತಿದ್ದರು.

ಮೂರನೆಯ ಅಂಗಡಿಯಲ್ಲಿ ಯಾರೂ ಕಾಣಲಿಲ್ಲ. ಟ್ರ್ಯಾಕ್ಟರ್ ಕೆಳಗೆ ಎರಡು ಕಾಲುಗಳು ಮಾತ್ರ ಕಂಡವು.

"ಕೆಟ್ಟರೆ ಯಾರು ಬರ್ತಾರಪ್ಪ?" ತಕರಾರಕ್ಕ ಕಾಲುಗಳನ್ನು ಕೇಳಿದಳು.

"ನಾನೇ" ಎಂದವು ಕಾಲುಗಳು. "ಗಾಡಿ ಮಾಲೀಕರು ಕರೆದ್ರೆ ಅನ್ನ ಕಲಸಿದ್ರೂ ಕೈ ತೊಳ್ಕೊಂಡು ಬರ್ತೀನಿ." ಹಿಂದೆಯೇ ಮೆಕ್ಯಾನಿಕ್ ಜಾರಿಕೊಂಡು ಹೊರಬಂದ. ಮುಖವೆಲ್ಲ ಗ್ರೀಸು. "ಗಾಡಿ ಚಿಕ್ಕದೇ. ಆದ್ರೆ ಸಾಲಿನ ಕೊನೇಲಿ ತಿರುಗೋಕೆ ಜಾಗ ಬಿಟ್ಟಿದ್ದೀರಾ?"

ಅತ್ತೆ ಸೊಸೆಯ ಮುಖ ನೋಡಿದಳು. ಸೊಸೆ ಧಣಿಯ ಮುಖ ನೋಡಿದಳು.

"ಧಣಿ, ನಮ್ಮ ಗೋಡೆ ಹತ್ರ..."

"ನೀನು ಬಾಯ್ಮುಚ್ಚು. ಬಣ್ಣ ಯಾವುದು ಬೇಕು ಅಷ್ಟು ಹೇಳು" ಎಂದರು ಧಣಿ. ಬೆಲೆ ನಡುವಿನದು, ಬ್ರ್ಯಾಂಡೂ ನಾಲ್ಕು ಜನ ಕೇಳಿದ್ದು. ಅಳಿಯನಿಗೊಂದು ಟೋಪಿ ಬಿಟ್ಟಿ ಸಿಕ್ಕಿತು. ಟೋಪಿ ತಲೆಗೇರಿದ ಮೇಲೆ ಅವನ ತಕರಾರೇನೂ ಉಳಿಯಲಿಲ್ಲ.

"ಹಾಗಾದ್ರೆ ಕೆಂಪು" ಎಂದಳು ತಕರಾರಕ್ಕ. ಸಹಿ ಹಾಕಿದಳು. ಉಳಿದ ಮಾತನ್ನು ನುಂಗಿಕೊಂಡಳು. ಮುಚ್ಚು ಎಂದವರು ಧಣಿಯೇ ತಾನೇ.

ಟ್ರ್ಯಾಕ್ಟರ್ ಬಂದ ದಿನ ಧಣಿ ಬಿಳಿ ಬಟ್ಟೆ ಉಟ್ಟರು. ಅಕ್ಕಪಕ್ಕದ ತೋಟದವರನ್ನು ಕರೆಸಿದರು. ಹೆಂಗಸರ ಕೈಗೆ ಕೀಲಿ ಕೊಟ್ಟು ಫೋಟೋ ತೆಗೆಸಿದರು, ಫೋಟೋ ಆದ ಕೂಡಲೇ ಕೀಲಿ ಕಿತ್ತುಕೊಂಡರು. "ಇನ್ನು ನಾಳೆಯಿಂದ ನೀವ್ಯಾರೂ ಬರೋದು ಬೇಡ" ಎಂದರು, ಅದೂ ನಗುನಗುತ್ತಲೇ. ಅತ್ತೆ ತನ್ನ ಕುಡುಗೋಲನ್ನು ಸೆರಗಿಗೆ ಒರೆಸಿದಳು, ಮತ್ತೆ ಒರೆಸಿದಳು. ಅವಳಿಗೆ ಮಾತು ಹೊರಡದಿದ್ದದ್ದು ಸೊಸೆ ಕಂಡಂತೆ ಅದೇ ಮೊದಲು.

ಅಳಿಯ ಟೋಪಿ ಏರಿಸಿ, ಹಾರ್ನ್ ಬಾರಿಸಿ ಸಾಲಿನೊಳಗೆ ನುಗ್ಗಿದ. ಗಾಡಿ ಗಡಗಡ ಎನ್ನುತ್ತಾ ಚೆನ್ನಾಗಿಯೇ ಹೋಯಿತು. ಜನ ಚಪ್ಪಾಳೆ ತಟ್ಟಿದರು. ಸಾಲಿನ ತುದಿಗೆ ಹೋಯಿತು. ಎದುರಿಗೆ ಧಣಿಯ ಮುದ್ದಿನ ಸಸಿಗಳು, ಅವುಗಳ ಬೆನ್ನಿಗೆ ಗೋಡೆ. ಗಾಡಿ ನಿಂತಿತು. ಅಳಿಯ ಎಡಕ್ಕೆ ತಿರುಗಿಸಿದ, ನಿಂಬೆ ಕೊಂಬೆ ಟೋಪಿ ಕಿತ್ತುಕೊಂಡಿತು. ಬಲಕ್ಕೆ ತಿರುಗಿಸಿದ, ಮುಳ್ಳು ಅಂಗಿ ಹಿಡಿದುಕೊಂಡಿತು. ಹಿಂದಕ್ಕೆ ತೆಗೆಯಲು ಹೋಗಿ ಎರಡು ಗಿಡದ ನಡುವೆ ಓರೆಯಾಗಿ ಸಿಕ್ಕಿಕೊಂಡ.

"ಮಾವಾ!" ಎಂಬ ಕೂಗು ಗೇಟಿನವರೆಗೂ ಕೇಳಿಸಿತು. ಚಪ್ಪಾಳೆ ತಟ್ಟಿದವರು ಇನ್ನೂ ಜೋರಾಗಿ ತಟ್ಟಿದರು.

ಮೂರನೆಯ ಅಂಗಡಿಗೆ ಫೋನ್ ಹೋಯಿತು. ಕೊಟ್ಟ ಮಾತಿನಂತೆ ಮೆಕ್ಯಾನಿಕ್ ಓಡಿ ಬಂದ. ಕೈ ಇನ್ನೂ ಒದ್ದೆಯಿತ್ತು. ಗಾಡಿಯ ಕೆಳಗೆ ತೂರಿದ, ಹೊರಬಂದ.

"ಗಾಡಿ ಸರಿ ಇದೆ. ತೋಟ ಕೆಟ್ಟಿದೆ."

"ಹಾಗಾದ್ರೆ ವಾಪಸ್ ತಗೊಂಡು ಹೋಗು!" ಧಣಿ ಗುಡುಗಿದರು.

"ತಗೋತೀನಿ. ಮಾಲೀಕರು ಹೇಳ್ಲಿ."

"ನಾನೇ ಹೇಳ್ತಿದ್ದೀನಲ್ಲೋ!"

"ನೀವ್ಯಾರು ಸ್ವಾಮಿ? ಸಹಿ ಈ ಅಕ್ಕಂದು." ಮೆಕ್ಯಾನಿಕ್ ಅಳಿಯನ ಕಡೆ ತಿರುಗಿದ. "ಮತ್ತೆ ಇವರನ್ನ ಓಡಿಸೋಕೆ ಬಿಟ್ಟಿದ್ಯಾರು? ಮಾಲೀಕರು ಒಪ್ಪಿದ ಡ್ರೈವರ್ ಅಲ್ಲದಿದ್ರೆ ಗ್ಯಾರಂಟಿ ಹೋಗತ್ತೆ. ಕೀಲಿ ಅಕ್ಕನ ಕೈಗೆ ಕೊಡಿ."

ಪಕ್ಕದ ತೋಟದವರೆಲ್ಲ ನೋಡುತ್ತಿದ್ದರು. ಅಳಿಯ ಕೀಲಿ ಕೊಟ್ಟ. ಧಣಿ ದನಿ ತಗ್ಗಿಸಿದರು.

"ಆಯ್ತು. ಸಸಿ ಕಿತ್ತು ಗಾಡಿ ತಿರುಗಿಸಿಕೊಡಿ. ಬನ್ರೇ, ಗುದ್ದಲಿ ತಗೊಳ್ಳಿ."

"ನಮಗೆ ರಜಾ ಧಣಿ" ಎಂದಳು ಅತ್ತೆ. ಅವಳಿಗೆ ಮಾತು ವಾಪಸ್ ಬಂದಿತ್ತು. "ಖಾಯಂ ರಜಾ. ಈಗ ತಾನೇ ಕೊಟ್ರಲ್ಲ."

ಮೇಸ್ತ್ರಿಯೂ ಅಳಿಯನೂ ಸಸಿ ಕಿತ್ತರು. ಅಳಿಯ ಗುದ್ದಲಿ ಹಿಡಿದದ್ದು ಉಲ್ಟಾ. ಹೆಂಗಸರು ಅವನಿಗೆ ಬುದ್ಧಿ ಹೇಳುತ್ತಾ ಸುತ್ತ ನಿಂತರು. ಗೋಡೆಯ ಬುಡ ಮೊದಲಿನಂತೆ ಬಯಲಾಯಿತು. ನೆರಳು ತನ್ನ ಹಳೆಯ ಜಾಗಕ್ಕೆ ಬಂದು ಮಲಗಿತು. ಇಬ್ಬರು ಹೋಗಿ ಚರಂಡಿಯ ಪಕ್ಕದ ಮಡಕೆ ಹೊತ್ತು ತಂದರು. ಬುತ್ತಿಗಳು ಬಿಚ್ಚಿಕೊಂಡವು. ಎಲ್ಲರೂ ಸಾಲಾಗಿ, ಕಾಲು ಚಾಚಿ ಕೂತರು.

"ಏಯ್, ಗಾಡಿ ತಿರುಗೋ ಜಾಗದಲ್ಲಿ ಕೂತ್ರೆ ಹೇಗೆ? ಏಳ್ರೇ!" ಎಂದರು ಧಣಿ.

"ಮಾತಾಡೋಣ ಧಣಿ" ಎಂದಳು ತಕರಾರಕ್ಕ, ಕೀಲಿಯನ್ನು ಸೆರಗಿನ ತುದಿಗೆ ಗಂಟು ಹಾಕುತ್ತಾ. "ಈ ಜಾಗ ಹೀಗೇ ಇರ್ಬೇಕು. ಗಾಡಿ ಓಡಿಸೋದು ನಮ್ಮವಳೇ ಕಲೀಬೇಕು. ಒಬ್ಬಳನ್ನೂ ಮನೆಗೆ ಕಳಿಸೋ ಹಾಗಿಲ್ಲ. ಒಪ್ಪಿಗೆ ಇಲ್ಲದಿದ್ರೆ ಪಕ್ಕದ ತೋಟದವರು ಬಾಡಿಗೆಗೆ ಕೇಳ್ತಿದ್ದಾರೆ. ಅವರ ತೋಟದಲ್ಲಿ ತಿರುಗೋಕೆ ಜಾಗ ಇದೆಯಂತೆ."

"ಅದೆಲ್ಲ ಆಮೇಲೆ! ಮೊದಲು ಗಾಡಿ ತೆಗೆಸು!"

ತಕರಾರಕ್ಕ ತುತ್ತು ಬಾಯಿಗಿಟ್ಟುಕೊಂಡಳು. ಧಣಿ ಬಿಸಿಲಲ್ಲಿ ನಿಂತೇ ಇದ್ದರು. ಅವರ ಬಿಳಿ ಅಂಗಿಯ ಬೆನ್ನು ಒದ್ದೆಯಾಗಿತ್ತು. ಅವರು ಇನ್ನೊಂದು ಹೆಜ್ಜೆ ಮುಂದಿಟ್ಟಾಗ ಮೆಕ್ಯಾನಿಕ್ ಅಡ್ಡ ಕೈ ಚಾಚಿದ.

"ಸ್ವಲ್ಪ ನಿಂತ್ಕೊಳ್ಳಿ ಸ್ವಾಮಿ. ಮಾಲೀಕರು ಊಟದಲ್ಲಿದ್ದಾರೆ."