ಕೆಂಪು ಚಿಂದಿ

"ಡಬ್ಬಿ ಬಿಚ್ಚೇ, ಕಳ್ಳ ಮುಂಡೆ. ಮೊಟ್ಟೆ ಎಲ್ಲಿಟ್ಟಿದೀಯ?"

ಕಾಡಿನ ಗಾರ್ಡು ನನ್ನ ಊಟದ ಡಬ್ಬಿಯೊಳಗೆ ಬೆರಳಿಟ್ಟು ಅನ್ನ ಕೆದಕಿದ. ಪೊದೆಯಲ್ಲಿದ್ದ ಎರಡು ಹಕ್ಕಿಗೂಡು ಬೆಳಗಾಗುವಷ್ಟರಲ್ಲಿ ಬರಿದಾಗಿದ್ದವು. ಹಾವು ತಿಂದಿರಬಹುದು, ಕಾಗೆ ತಿಂದಿರಬಹುದು. ಅವನ ಕಣ್ಣಿಗೆ ಬಿದ್ದದ್ದು ನಾವು ಆರು ಹೆಂಗಸರೇ. ಡಬ್ಬಿ, ಸೆರಗು, ತುರುಬು ಎಲ್ಲವನ್ನೂ ತಡಕಿದ. ಏನೂ ಸಿಗಲಿಲ್ಲ. ಆದರೂ ಪುಸ್ತಕ ತೆಗೆದು ಏನೋ ಬರೆದುಕೊಂಡ. ಸಿಗದೇ ಇದ್ದದ್ದನ್ನು ಬರೆದುಕೊಳ್ಳುವುದೇನಿದೆ ಎಂದು ನನಗೆ ಆಗಲೇ ಅನುಮಾನ. ಅವನು ಕೆದಕಿದ ಅನ್ನವನ್ನು ನಾನು ಚೆಲ್ಲಲಿಲ್ಲ, ತಿಂದೆ. ಹಸಿವಾಗಿತ್ತು.

ಕಾಡಿನ ನಡುವೆ ಬಯಲು ಮಾಡುವುದು ನಮ್ಮ ಕೆಲಸ. ದೊಡ್ಡ ಮರ ಕಡಿದರೆ ಬಿಸಿಲು ನೆಲಕ್ಕೆ ಬಿದ್ದು ಪೊದೆ ಏಳುತ್ತದೆ, ಪೊದೆಯಲ್ಲೇ ಬದುಕುವ ಪುಟ್ಟ ಹಕ್ಕಿಗಳು ವಾಪಸ್ಸು ಬರುತ್ತವೆ. ಹಾಗೇ ಬಿಟ್ಟರೆ ಮತ್ತೆ ಮರವೆದ್ದು ಕತ್ತಲಾಗಿ ಹಕ್ಕಿಗಳು ಹೊರಟುಹೋಗುತ್ತವೆ. ಅರಣ್ಯ ಕಚೇರಿಯ ಸಾಹೇಬರು ಇದನ್ನೆಲ್ಲ ನಮ್ಮನ್ನು ಸಾಲಾಗಿ ಕೂರಿಸಿ ಪಾಠ ಹೇಳಿದರು. ನನ್ನ ಮೂರು ತಿಂಗಳ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡಿದ್ದ ಅತ್ತೆ ಬಾಯಿಗೆ ಸೆರಗಿಟ್ಟು ನಕ್ಕಳು. ಅವಳ ಕಾಲದಲ್ಲಿ ನಮ್ಮವರು ಇಲ್ಲೇ ದನ ಮೇಯಿಸಿ, ಸೌದೆ ಕಡಿದು, ಬಯಲನ್ನು ಬಯಲಾಗಿಯೇ ಇಟ್ಟಿದ್ದರಂತೆ. ಹಕ್ಕಿಯೂ ಇತ್ತಂತೆ. ಆಮೇಲೆ ಇದೇ ಕಚೇರಿಯವರು ಕಳ್ಳರೆಂದು ಒದ್ದು ಬೇಲಿ ಹಾಕಿದರು. ನಾವು ಕಡಿದರೆ ಕಳ್ಳತನ, ಅವರು ಕಡಿಸಿದರೆ ಯೋಜನೆ.

ಬಿಳಿ ಬಣ್ಣದ ಪಟ್ಟೆ ಬಳಿದದ್ದನ್ನು ಕಡಿಯಬೇಕು. ಗೂಡು ಕಂಡ ಕಡೆ ಕೆಂಪು ಚಿಂದಿ ಕಟ್ಟಬೇಕು. ಮರಿ ಹಾರುವವರೆಗೆ ಅದರ ಸುತ್ತ ಹತ್ತು ಹೆಜ್ಜೆಯೊಳಗೆ ಯಾರೂ ಕಾಲಿಡಬಾರದು, ಸಾಹೇಬರು ಕೂಡ. ಚಿಂದಿ ಕಟ್ಟುವವಳು ನಾನು. ಬಣ್ಣ ಬಳಿಯುವವನು, ಹೆಜ್ಜೆ ಎಣಿಸಿ ಗೆರೆ ಎಳೆಯುವವನು ನನ್ನ ಗಂಡ.

ಆ ವಾರ ಬಿಳಿ ಪಟ್ಟೆಗಳು ದಿನಕ್ಕಿಷ್ಟರಂತೆ ನಮ್ಮ ಗುಡಿಸಲುಗಳ ಕಡೆಗೇ ಬರತೊಡಗಿದವು. ಅಲ್ಲಿ ಕಡಿಯುವಂಥ ದೊಡ್ಡ ಮರಗಳೇ ಇಲ್ಲ. ಗಂಡನನ್ನು ಕೇಳಿದೆ. ಸಾಹೇಬರು ತೋರಿಸಿದ್ದಕ್ಕೆ ಬಳಿಯುತ್ತೇನೆ ಅಷ್ಟೇ ಎಂದು ಬಣ್ಣದ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಎಂಟು ವರ್ಷ ಒಂದೇ ಚಾಪೆಯ ಮೇಲೆ ಮಲಗಿದವನನ್ನು ನಾನು ಅಂದು ನಂಬಲಿಲ್ಲ.

ಮರುದಿನ ಬೆಳಗ್ಗೆ ಬಾಗಿಲು ತೆಗೆದರೆ ನಮ್ಮ ಬಾಗಿಲ ಕಂಬಕ್ಕೇ ಬಿಳಿ ಪಟ್ಟೆ. ಆರೂ ಗುಡಿಸಲಿಗೂ. ಬಣ್ಣ ಇನ್ನೂ ಹಸಿ. ಅಂಗಳದಲ್ಲಿ ಸಾಹೇಬರು, ಗಾರ್ಡು, ಪಕ್ಕದಲ್ಲಿ ಬಣ್ಣದ ಡಬ್ಬಿ ಹಿಡಿದು ತಲೆ ತಗ್ಗಿಸಿದ ನನ್ನ ಗಂಡ.

ಸಾಹೇಬರು ಕಾಗದ ಓದಿದರು. ಹತ್ತಿರದಲ್ಲಿ ಜನ ಇರುವುದರಿಂದ ಮೊಟ್ಟೆ ಕಳುವಾಗುತ್ತಿವೆ, ಬಯಲನ್ನು ಗುಡಿಸಲುಗಳಾಚೆಯ ಹಳ್ಳದವರೆಗೂ ಅಗಲ ಮಾಡಬೇಕು, ಗುಡಿಸಲು ಇವತ್ತೇ ಹೋಗಬೇಕು. ಗಾರ್ಡು ಬರೆದುಕೊಂಡದ್ದು ಏನೆಂದು ಆಗ ತಿಳಿಯಿತು. ಎಲ್ಲಿಗೆ ಹೋಗೋಣ ಎಂದು ಅತ್ತೆ ಕೇಳಿದಳು.

"ಹಕ್ಕಿಗೆ ಬೇರೆ ಜಾಗ ಇಲ್ಲಮ್ಮ. ನಿಮಗೆ ಎಲ್ಲಾದ್ರೂ ಸಿಗುತ್ತೆ," ಎಂದರು ಸಾಹೇಬರು, ತುಂಬ ಮೆತ್ತಗೆ. ಮೊದಲು ನಮ್ಮ ಬಾಗಿಲ ಕಂಬ ಕಡಿಯಲು ನನ್ನ ಗಂಡನಿಗೇ ಸನ್ನೆ ಮಾಡಿದರು. ಅವನು ಡಬ್ಬಿ ಕೆಳಗಿಟ್ಟು ಕೊಡಲಿ ಎತ್ತಿಕೊಂಡ.

ನಾನು ಮುಂದೆ ನುಗ್ಗಿದೆ. ಸೊಂಟದಲ್ಲಿದ್ದ ಕೆಂಪು ಚಿಂದಿ ಎಳೆದು ಆ ಬಿಳಿ ಪಟ್ಟೆಯ ಮೇಲೆಯೇ ಬಿಗಿದು ಕಟ್ಟಿದೆ. ಒಳಗೆ ಕೂಸು ಅಳುತ್ತಿತ್ತು.

"ಒಳಗೆ ಮರಿ ಇದೆ ಸಾಹೇಬ್ರೆ, ಇನ್ನೂ ಹಾರಕ್ಕೆ ಬರಲ್ಲ. ನೀವೇ ಮಾಡಿದ ರೂಲು. ಹತ್ತು ಹೆಜ್ಜೆ ಹಿಂದಕ್ಕೆ ಹೋಗಿ."

"ಬಿಚ್ಚೇ ಅದನ್ನ, ಬೋಸುಡಿ," ಎನ್ನುತ್ತಾ ಗಾರ್ಡು ಬಂದ. ಅಷ್ಟರಲ್ಲಿ ಉಳಿದ ಐದೂ ಬಾಗಿಲಲ್ಲಿ ಹೆಂಗಸರು ಸೆರಗು ಹರಿಯುವ ಸದ್ದು. ಕೆಂಪು ಇದ್ದವರು ಕೆಂಪು ಕಟ್ಟಿದರು, ಇಲ್ಲದವರು ಉಟ್ಟದ್ದನ್ನೇ ಕಟ್ಟಿದರು.

ಗಂಡ ಕೊಡಲಿ ಹಿಡಿದು ನೇರ ನನ್ನತ್ತ ಬಂದ. ನಾನು ಕಂಬವನ್ನು ಅಪ್ಪಿಕೊಂಡೆ. ಕಡಿದರೆ ಮೊದಲು ನನ್ನ ಕೈ ಕಡಿಯಲಿ ಎಂದುಕೊಂಡೆ. ಆದರೆ ಅವನು ಕಂಬಕ್ಕೆ ಬೆನ್ನು ಕೊಟ್ಟು ನಿಂತ. ದಿನವೂ ಗೂಡಿನ ಹತ್ತಿರ ಎಣಿಸುವ ಹಾಗೆ, ಗಟ್ಟಿಯಾಗಿ ಎಣಿಸುತ್ತ ನಡೆದ. ಗಾರ್ಡನ್ನು ದಾಟಿದ, ಸಾಹೇಬರನ್ನು ದಾಟಿದ, ಹತ್ತಕ್ಕೆ ನಿಂತು ಕೊಡಲಿಯ ಮೂತಿಯಿಂದ ನೆಲದ ಮೇಲೆ ಗೆರೆ ಎಳೆದ. ಆಮೇಲೆ ಕೊಡಲಿಯನ್ನು ಹೆಗಲಿಗೇರಿಸಿ ಇತ್ತ ತಿರುಗಿದ.

ಸಾಹೇಬರ ಬೂಟು ಇನ್ನೂ ಗೆರೆಯ ಒಳಗಿತ್ತು.