ಬಾಗಿಲು ತೆರೆದರೆ ನಿಲ್ಲುವವನು

ನಾನು ಒಂದು ಫ್ಯಾನು. ಚಾವಣಿಯಿಂದ ನೇತಾಡುತ್ತಾ ಎಲ್ಲರ ಬೆವರು ಆರಿಸಿ ಹೊಗಳಿಸಿಕೊಳ್ಳುವ ಜಾತಿಯವನಲ್ಲ. ಫ್ರಿಜ್ಜಿನ ಮೇಲಿನ ಐಸ್ ಖಾನೆಯಲ್ಲಿ, ಬಿಳಿ ಪ್ಲಾಸ್ಟಿಕ್ ಹಲಗೆಯ ಹಿಂದೆ, ಅಂಗೈಯಗಲದ ರೆಕ್ಕೆ ಇಟ್ಟುಕೊಂಡು ತಿರುಗುವವನು. ಕೊಳವೆಗಳಲ್ಲಿ ಹುಟ್ಟುವ ತಂಪನ್ನು ಮೇಲಕ್ಕೂ ಕೆಳಕ್ಕೂ ಹಂಚುವುದು ನನ್ನ ಕೆಲಸ. ನಾನು ನಿಂತರೆ ಐಸು ನೀರಾಗುತ್ತದೆ, ಹಾಲು ಹುಳಿಯಾಗುತ್ತದೆ. ಆದರೂ ಹೊಗಳಿಕೆ ಕಂಪ್ರೆಸರಿಗೆ, ಬೈಗುಳ ನನಗೆ. ಇದು ಯಾವ ಊರಿನ ನ್ಯಾಯವೋ ನಾನು ಕಾಣೆ.

ಕಾರ್ಖಾನೆಯಲ್ಲಿ ನಾನು ಹುಟ್ಟಿದ ದಿನ ನೀಲಿ ಟೋಪಿಯ ಹೆಂಗಸೊಬ್ಬಳು ನನ್ನನ್ನು ತಿರುಗಿಸಿ, ಕಿವಿಯ ಹತ್ತಿರ ಹಿಡಿದು ಸದ್ದು ಕೇಳಿದಳು. ಸರಿಯಿದೆ ಎಂದು ತಲೆಯಾಡಿಸಿ ಮುಂದಕ್ಕೆ ಕಳಿಸಿದಳು. ಆಮೇಲೆ ಎಷ್ಟೋ ವರ್ಷ ಯಾರೂ ನನ್ನ ಸದ್ದಿಗೆ ಕಿವಿಗೊಡಲಿಲ್ಲ.

ನನ್ನ ಕಷ್ಟಕ್ಕೆಲ್ಲ ಮೂಲ ಒಂದು ಗುಂಡಿ. ಐಸ್ ಖಾನೆಯ ಚೌಕಟ್ಟಿನ ಮೂಲೆಯಲ್ಲಿ ಅದಿದೆ. ಬಾಗಿಲು ಮುಚ್ಚಿದಾಗ ಗುಂಡಿ ಒತ್ತಿಕೊಳ್ಳುತ್ತದೆ, ಒಳಗಿನ ಬಲ್ಬು ಆರುತ್ತದೆ, ನಾನು ತಿರುಗುತ್ತೇನೆ. ಬಾಗಿಲು ತೆರೆದರೆ ಬಲ್ಬು ಹತ್ತುತ್ತದೆ, ನಾನು ನಿಲ್ಲುತ್ತೇನೆ. ತಂಪು ಹೊರಗೆ ಹೋಗದಿರಲಿ ಎಂದು ಮಾಡಿದ ಏರ್ಪಾಡು ಅದು. ಹೀಗಾಗಿ ನಾನು ದುಡಿಯುವುದನ್ನು ಕಣ್ಣಾರೆ ಕಂಡವರೇ ಇಲ್ಲ. ನೋಡಲು ಬಂದವರಿಗೆಲ್ಲ ಕಾಣುವುದು ತೆಪ್ಪಗೆ ನಿಂತಿರುವ ನಾನು.

ಮೊದಲ ಯಜಮಾನರು ತುಮಕೂರಿನ ಒಬ್ಬ ವಕೀಲರು. ಅವರ ಮನೆಯಲ್ಲಿ ಐಸ್ ಖಾನೆಗೆ ಬಟಾಣಿ ಬಿಟ್ಟರೆ ಬೇರೆ ಗತಿಯಿರಲಿಲ್ಲ. ಐದು ವರ್ಷ ಬಟಾಣಿ ಕಾದೆ. ಅವರು ದೊಡ್ಡ ಫ್ರಿಜ್ಜು ತಂದ ದಿನ ನಮ್ಮನ್ನು ಹಳೆಯ ಸಾಮಾನಿನ ಅಂಗಡಿಗೆ ಸಾಗಹಾಕಿದರು. ಅಲ್ಲಿಂದ ಅರಸೀಕೆರೆಯ ಚಂದ್ರಕಲಾ ನಮ್ಮನ್ನು ಕೊಂಡು ತಂದಳು.

ಚಂದ್ರಕಲಾ ಬಸ್ ಕಂಡಕ್ಟರು. ಗಂಡ ದೂರದ ಡಿಪೋದಲ್ಲಿ ಡ್ರೈವರು, ವಾರಕ್ಕೊಮ್ಮೆ ಬರುವವನು. ಮಗಳು ಸಿಂಚನಳಿಗೆ ಆಗ ಐದು ತಿಂಗಳು. ಹೆರಿಗೆ ರಜೆ ಮುಗಿದಿತ್ತು. ಡಬ್ಬಿಯ ಹಾಲಿನ ಪುಡಿ ಕೊಟ್ಟರೆ ಮಗು ಕಕ್ಕುತ್ತಿತ್ತು. ಹಾಗಾಗಿ ಚಂದ್ರಕಲಾ ತನ್ನ ಎದೆಹಾಲನ್ನೇ ಹಿಂಡಿ ಪುಟ್ಟ ಸೀಸೆಗಳಿಗೆ ತುಂಬಿ, ಟಿಕೆಟ್ ರೋಲಿನ ಚೂರಿನ ಮೇಲೆ ತಾರೀಖು ಬರೆದು ಅಂಟಿಸಿ ನನ್ನ ಮುಂದೆ ಇಡುತ್ತಿದ್ದಳು. ಬಟಾಣಿ ಕಾದವನಿಗೆ ಇದು ಎಂಥ ಬಡ್ತಿ ಎಂದು ಯೋಚಿಸಿ.

ಅವಳ ಅತ್ತೆ ಓಂಕಾರಮ್ಮನಿಗೆ ಮೊದಮೊದಲು ಇದು ಸರಿಬರಲಿಲ್ಲ. "ಎದೆಹಾಲ್ನ ಯಾರಾದ್ರೂ ಐಸ್ ಮಾಡ್ತಾರೇನವ್ವ," ಎಂದು ಮೂಗು ಮುರಿದರು. ಆದರೆ ಕರಗಿಸಿ ಬೆಚ್ಚಗೆ ಮಾಡಿದ ಹಾಲನ್ನು ಮೊಮ್ಮಗಳು ಚಪ್ಪರಿಸಿ ಕುಡಿದದ್ದನ್ನು ಕಂಡ ಮೇಲೆ ಅವರ ಸಿಟ್ಟು ಇಳಿಯಿತು. ಇಳಿದದ್ದು ಮಾತ್ರವಲ್ಲ, ಭಕ್ತಿಯೇ ಉಕ್ಕಿತು. ಅಲ್ಲಿಗೆ ನನ್ನ ಗ್ರಹಚಾರ ಕೆಟ್ಟಿತು.

ಆಯುಧಪೂಜೆಯ ದಿನ ಚಂದ್ರಕಲಾ ಡಿಪೋದಲ್ಲಿ ಬಸ್ಸಿಗೆ ಹೂವು ಕಟ್ಟುತ್ತಿದ್ದರೆ, ಇಲ್ಲಿ ಓಂಕಾರಮ್ಮ ನಮ್ಮ ಫ್ರಿಜ್ಜಿಗೆ ವಿಭೂತಿ ಬಳಿದು, ಕುಂಕುಮ ಇಟ್ಟರು. ತಮ್ಮ ಮೊಮ್ಮಗಳ ಅನ್ನ ಕಾಯುವ ಯಂತ್ರ ಎಂದು ಅರಿಶಿನದ ದಾರಕ್ಕೆ ಅರಿಶಿನದ ಕೊಂಬು ಪೋಣಿಸಿ, ಐಸ್ ಖಾನೆಯ ಬಾಗಿಲಿಗೆ ಸುತ್ತಿ ಬಿಗಿಯಾಗಿ ಕಟ್ಟಿದರು. ಕೊಂಬು ಸರಿದು ಬಾಗಿಲಿನ ಒಳಅಂಚಿನ ರಬ್ಬರ್ ಪಟ್ಟಿಯ ಮೇಲೆ ಕೂತಿತು. ಹೊರಗಿನಿಂದ ಬಾಗಿಲು ಮುಚ್ಚಿದಂತೆಯೇ ಕಂಡಿತು. ಒಳಗೆ ಭತ್ತದ ಕಾಳಿನಷ್ಟು ಸಂದಿ ಉಳಿಯಿತು. ಗುಂಡಿ ಒತ್ತಿಕೊಳ್ಳಲಿಲ್ಲ. ಮುಚ್ಚಿದ ಖಾನೆಯೊಳಗೆ ಬಲ್ಬು ಸುಮ್ಮನೆ ಉರಿಯುತ್ತಿತ್ತು, ನಾನು ಸುಮ್ಮನೆ ನಿಂತಿದ್ದೆ.

ಮರುದಿನ ಸೀಸೆಗಳ ಹಾಲು ಕರಗಿ ಮೆತ್ತಗಾಯಿತು. ಓಂಕಾರಮ್ಮ ಗಾಬರಿಯಾಗಿ ಮೆಕ್ಯಾನಿಕ್ ಪಾಲಾಕ್ಷನನ್ನು ಕರೆಸಿದರು. ಆತ ಬಂದವನೇ ಕೊಂಬಿಗೆ ಕೈಮುಗಿದ. ಬಾಗಿಲು ತೆರೆದ, ಹಲಗೆ ಬಿಚ್ಚಿ ನನ್ನನ್ನು ನೋಡಿದ.

"ಫ್ಯಾನ್ ನಿಂತೋಗೈತೆ ಕಣಮ್ಮ. ಮೋಟ್ರು ಸುಟ್ಟೈತೆ."

ಸುಟ್ಟಿತ್ತಂತೆ! ಬಾಗಿಲನ್ನು ಹಾರುಹೊಡೆದು ತೆಗೆದಿಟ್ಟುಕೊಂಡು ಫ್ಯಾನು ನಿಂತಿದೆ ಎನ್ನುತ್ತಾನೆ. ಬಾಗಿಲು ತೆಗೆದಾಗ ನಾನು ನಿಲ್ಲಲೇಬೇಕು ಕಣಪ್ಪ, ನಿಲ್ಲದಿದ್ದರೆ ತಪ್ಪು. ಒಂದು ಬೆರಳಲ್ಲಿ ಆ ಗುಂಡಿ ಒತ್ತಿ ನೋಡಿದ್ದರೆ ಸಾಕಿತ್ತು. ಇಪ್ಪತ್ತು ವರ್ಷದ ಅನುಭವ ಎಂದು ಬೋರ್ಡು ಹಾಕಿಕೊಂಡವನಿಗೆ ಒಂದು ಬೆರಳು ಭಾರವಾಯಿತು. ವೈರು ಕತ್ತರಿಸಿ ನನ್ನನ್ನು ಕಿತ್ತು ಫ್ರಿಜ್ಜಿನ ತಲೆಯ ಮೇಲೆ ಹಳೆಯ ಪೇಪರಿನ ಮೇಲೆ ಎಸೆದ. ನನ್ನ ಜಾಗಕ್ಕೆ ಹೊಸದೊಂದನ್ನು ಕೂರಿಸಿದ. ಪುಣ್ಯಾತ್ಮ, ಕೆಲಸ ಮುಗಿಸಿ ದಾರ ಮತ್ತು ಕೊಂಬು ಮೊದಲಿದ್ದ ಜಾಗದಲ್ಲೇ ಇರುವಂತೆ ಭಯಭಕ್ತಿಯಿಂದ ಸರಿಮಾಡಿ ಬಾಗಿಲು ಹಾಕಿದ.

ಮಧ್ಯಾಹ್ನವಾದರೂ ತಂಪಾಗಲಿಲ್ಲ. ಮತ್ತೆ ಬಂದ. ಬಾಗಿಲು ತೆರೆದ. ಹೊಸದೂ ನಿಂತಿತ್ತು.

"ಒಳಗಿನ ಕರೆಂಟ್ ಬೋರ್ಡೇ ಹೋಗೈತೆ. ಇದ್ರ ಕತೆ ಮುಗೀತು, ಬೇರೆ ತಗಳ್ಳಿ," ಎಂದ.

ಅಷ್ಟರಲ್ಲಿ ಚಂದ್ರಕಲಾ ಡ್ಯೂಟಿ ಮುಗಿಸಿ ಬಂದಳು. ಒಂದೊಂದೇ ಸೀಸೆ ತೆಗೆದು ಮೂಸಿದಳು. ಆರೂ ಕೆಟ್ಟಿದ್ದವು. ಕಾಲಲ್ಲಿ ತುಳಿಯುವ ಜಾಗಕ್ಕೆ ಎದೆಹಾಲು ಚೆಲ್ಲಬಾರದೆಂದು ಹಿತ್ತಲಿಗೆ ಒಯ್ದು ಕರಿಬೇವಿನ ಗಿಡದ ಬುಡಕ್ಕೆ ಸುರಿದಳು. ಬಸ್ಸಿನಲ್ಲಿ ಟಿಕೆಟ್ ಹರಿದು, ಡಿಪೋದ ಸ್ಟೋರ್ ರೂಮಿನಲ್ಲಿ ಬಾಗಿಲಿಗೆ ಬೆನ್ನು ಕೊಟ್ಟು ಹಿಂಡಿದ ಹಾಲು ಅದು.

"ಡ್ಯೂಟಿ ಬುಟ್ಬುಡು ಕಣವ್ವ," ಎಂದರು ಓಂಕಾರಮ್ಮ. ಅವರ ಕಣ್ಣಲ್ಲೂ ನೀರಿತ್ತು. "ಮಗು ಏನ್ ಕುಡೀತದೆ?"

"ನಾಳೆ ರಾಜೀನಾಮೆ ಬರ್ಕೊಡ್ತೀನಿ ಬುಡಿ ಅತ್ತೆ," ಎಂದಳು ಚಂದ್ರಕಲಾ.

ನನಗೆ ನಾಲಿಗೆಯಿದ್ದಿದ್ದರೆ ಆ ಮನೆಯ ಹೆಂಚು ಹಾರಿಹೋಗುತ್ತಿತ್ತು. ಒಂದು ಅರಿಶಿನದ ಕೊಂಬಿಗಾಗಿ ಒಬ್ಬಳ ನೌಕರಿ ಹೋಗುವುದೆಂದರೇನು!

ಅವಳು ತೆರೆದ ಬಾಗಿಲೊಳಗೆ ಬಗ್ಗಿ, ನಿಂತಿದ್ದ ಹೊಸ ಫ್ಯಾನನ್ನು ನೋಡಿದಳು. ಆಮೇಲೆ ಪಾಲಾಕ್ಷನ ಕಡೆ ತಿರುಗಿದಳು.

"ಬಾಗ್ಲು ತೆಗೆದಿದ್ರೆ ನಮ್ ಬಸ್ಸೂ ಹೊರಡಲ್ಲ ಪಾಲಾಕ್ಷಣ್ಣ. ನಾನು ಬಾಗ್ಲಾಕಿ ರೈಟ್ ಅಂದ್ಮೇಲೇ ಡ್ರೈವರ್ ಗಾಡಿ ಎತ್ತೋದು. ಇದ್ಕೂ ಹಂಗೇ ಏನಾದ್ರೂ ಐತಾ?"

"ಐತೆ. ಅಗೋ, ಆ ಗುಂಡಿ."

"ಒತ್ತಿ ನೋಡಿದ್ರಾ?"

ಪಾಲಾಕ್ಷ ಸ್ಕ್ರೂಡ್ರೈವರ್ ಹುಡುಕತೊಡಗಿದ. ಚಂದ್ರಕಲಾ ಹೆಬ್ಬೆರಳಿನಿಂದ ಗುಂಡಿ ಒತ್ತಿದಳು. ಹೊಸ ಫ್ಯಾನು ಗಿರ್ರನೆ ತಿರುಗಿತು. ಹಾಗಾದರೆ ಬಾಗಿಲು ಹಾಕಿದಾಗ ಯಾಕಿಲ್ಲ? ಅವಳು ಬಾಗಿಲಿನ ಅಂಚಿನುದ್ದಕ್ಕೂ ಬೆರಳಾಡಿಸಿದಳು. ಬೆರಳು ಕೊಂಬಿನ ಹತ್ತಿರ ನಿಂತಿತು. ಅತ್ತೆಯ ಮುಖ ನೋಡಿದಳು. ಕಟ್ಟಿದ ಅರಿಶಿನದ ಕೊಂಬನ್ನು ಬಿಚ್ಚು ಎಂದು ಹೇಳುವ ಧೈರ್ಯ ಅವಳಿಗೂ ಬರಲಿಲ್ಲ.

ಓಂಕಾರಮ್ಮ ತಾವೇ ಮುಂದೆ ಬಂದರು. ಕತ್ತರಿ ತರಲಿಲ್ಲ. ಉಗುರಿನಿಂದ ಗಂಟು ಬಿಡಿಸಿ, ಕೊಂಬನ್ನು ಕಣ್ಣಿಗೊತ್ತಿಕೊಂಡು, ಒಳಗೆ ಹೋಗಿ ಮಗುವಿನ ತೊಟ್ಟಿಲಿಗೆ ಕಟ್ಟಿದರು.

"ಹಳೇ ಫ್ಯಾನೇ ಹಾಕಿಬುಡಿ," ಎಂದಳು ಚಂದ್ರಕಲಾ.

"ಹೊಸಾದು ಇರ್ಲಿ ಬುಡಕ್ಕ."

"ಹಳೇದು ಏನ್ ತಪ್ ಮಾಡಿತ್ತು?"

ನನ್ನ ಜೀವಮಾನದಲ್ಲಿ ನನ್ನ ಪರವಾಗಿ ಯಾರಾದರೂ ಕೇಳಿದ ಮೊದಲ ಪ್ರಶ್ನೆ ಅದು. ಪಾಲಾಕ್ಷ ಹೊಸದನ್ನು ಬಿಚ್ಚಿ ನನ್ನನ್ನು ಮತ್ತೆ ನನ್ನ ಜಾಗದಲ್ಲಿ ಕೂರಿಸಿದ. ಕತ್ತರಿಸಿದ ವೈರನ್ನು ಅವನೇ ಬೆಸೆದು ಟೇಪು ಸುತ್ತಿದ. ಮಾರನೆಯ ಬೆಳಿಗ್ಗೆ ಚಂದ್ರಕಲಾ ಡ್ಯೂಟಿಗೆ ಹೋದಳು.

ಆದರೂ ಓಂಕಾರಮ್ಮನಿಗೆ ನನ್ನ ಮೇಲೆ ಅನುಮಾನ ಉಳಿಯಿತು. ದಿನಕ್ಕೆ ಹತ್ತು ಸಲ ಬಾಗಿಲು ತೆರೆದು ತಿರುಗುತ್ತಿದ್ದೇನೆಯೇ ಎಂದು ಇಣುಕುವರು. ನಾನು ನಿಲ್ಲುವೆ, ಅವರು ನಿಟ್ಟುಸಿರು ಬಿಡುವರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಕೊನೆಗೆ ಸೊಸೆ ಹೇಳಿಕೊಟ್ಟಳು: ತೆಗೀಬ್ಯಾಡಿ ಅತ್ತೆ, ಕಿವಿ ಇಟ್ಟು ಕೇಳಿ.

ಈಗ ಆರು ವರ್ಷವಾಗಿದೆ. ಹೊಸ ಫ್ರಿಜ್ಜು ಅಡುಗೆಮನೆಗೆ ಬಂದು ನಾವು ಹಿತ್ತಲ ಕೋಣೆಯ ಮೂಲೆ ಸೇರಿದ್ದೇವೆ. ನನ್ನ ಅಚ್ಚಿನ ಬುಷ್ ಸವೆದು ಸದ್ದು ಗೊರಗೊರ ಎನ್ನುತ್ತದೆ. ಇಷ್ಟೆಲ್ಲ ಆದಮೇಲೂ ಈ ಲೋಕದ ಮೇಲಿನ ನನ್ನ ಸಿಟ್ಟು ಪೂರ್ತಿ ಆರಿಲ್ಲ. ದುಡಿಯುವವರನ್ನು ನಿಲ್ಲಿಸಿ, ಯಾಕೆ ನಿಂತೆ ಎಂದು ಕೇಳುವವರು ಇನ್ನೂ ಇದ್ದಾರೆ.

ಓಂಕಾರಮ್ಮನಿಗೆ ಕಿವಿ ಮಂದವಾಗಿದೆ. ಆದರೂ ದಿನಾ ಬೆಳಿಗ್ಗೆ ಮೊಮ್ಮಗಳ ಕೈಹಿಡಿದು ಬರುತ್ತಾರೆ. ಸಿಂಚನ ಯೂನಿಫಾರಂ ತೊಟ್ಟು, ಜಡೆ ಹಿಂದಕ್ಕೆ ಹಾಕಿಕೊಂಡು, ಮುಚ್ಚಿದ ಬಾಗಿಲಿಗೆ ಕೆನ್ನೆ ಒತ್ತುತ್ತಾಳೆ.

"ಕೇಳ್ತೈತೇನವ್ವ?"

"ಕೇಳ್ತೈತೆ ಅಜ್ಜಿ. ಸುತ್ತುತಾ ಐತೆ."

ಅವರು ಬಾಗಿಲು ತೆರೆಯದೆ ಹೊರಟುಹೋಗುತ್ತಾರೆ.